ಅತ್ತೆಯ ಒಂದು ಮುದ್ದೆ

ಗೌರಿ ನನ್ನ ಕಾಲು ತುಳಿದಳು. ಗೌರಿ ಎಂದರೆ ನಮ್ಮ ಹಸು. ತುಳಿಯುವುದು ಅವಳಿಗೆ ಹೊಸದಲ್ಲ, ತುಳಿಸಿಕೊಳ್ಳುವುದು ನನಗೂ ಹೊಸದಲ್ಲ. ಬಲಗಾಲಿನ ಹೆಬ್ಬೆರಳ ಉಗುರು ಸೀಳಿ ರಕ್ತ ಬಂತು. ಅರಿಶಿನ ಮೆತ್ತಿ, ಹಾಲು ಕರೆದು, ಡೈರಿಗೆ ಹಾಕಿ ಬಂದೆ. ಅಂಥ ಗಾಯ ನಾಲ್ಕು ದಿನಕ್ಕೆ ಒಣಗಬೇಕು.

ಮೂರು ವಾರವಾದರೂ ಒಣಗಲಿಲ್ಲ.

ಬೆರಳು ಊದಿತು. ಬಣ್ಣ ಕಪ್ಪಿಟ್ಟಿತು. ವಾಸನೆ ಬರಲು ಶುರುವಾದ ಮೇಲೆ ನನ್ನ ಗಂಡ ಬೈಕಿನ ಹಿಂದೆ ಕೂರಿಸಿಕೊಂಡು ದೇವಲಾಪುರದಿಂದ ನಾಗಮಂಗಲದ ಆಸ್ಪತ್ರೆಗೆ ಕರೆದೊಯ್ದರು. ಡಾಕ್ಟರು ಬೆರಳಿಗಿಂತ ಮೊದಲು ರಕ್ತ ನೋಡಿದರು. ಶುಗರ್ ಇದೆ, ಅದೂ ಇವತ್ತು ನಿನ್ನೆಯದಲ್ಲ ಎಂದರು.

ನನಗೆ ನಲವತ್ತೊಂಬತ್ತು. ನಾಲ್ಕು ಹಸುಗಳ ಸಗಣಿ ಎತ್ತಿ, ಮೇವು ಕತ್ತರಿಸಿ, ಹೊಲಕ್ಕೂ ಹೋಗಿ ಬರುವವಳು. ಸಕ್ಕರೆ ಕಾಯಿಲೆ ಎಂದರೆ ಕೂತು ತಿನ್ನುವವರಿಗೆ ಬರುವುದು ಎಂದುಕೊಂಡಿದ್ದೆ. ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ ಸಿಟ್ಟು ಬಂತು.

"ಶುಗರ್ ಇಳಿದ್ರೆ ಗಾಯ ವಾಸಿ ಆಗತ್ತೆ, ಜಯಮ್ಮ. ಇಳೀಲಿಲ್ಲ ಅಂದ್ರೆ ಬೆರಳು ತೆಗೀಬೇಕಾಗತ್ತೆ."

ಅದನ್ನು ಅವರು ಚೀಟಿ ಬರೆಯುತ್ತಲೇ ಹೇಳಿದರು. ಹೆಬ್ಬೆರಳಿಲ್ಲದ ಕಾಲಲ್ಲಿ ಕೊಟ್ಟಿಗೆಯ ಜಾರುವ ನೆಲದ ಮೇಲೆ ಹೇಗೆ ನಿಲ್ಲುವುದು? ಆದರೂ ಕೇಳಿದೆ, "ಏನು ತಿನ್ನಬೌದು ಸಾರ್?"

"ಸಿಹಿ ಬಿಡಿ, ಅನ್ನ ಬಿಡಿ. ಹೊತ್ತಿಗೆ ಒಂದು ಮುದ್ದೆ ತಿನ್ನಿ. ಒಂದೇ."

ಮುದ್ದೆ ಉಳಿಯಿತಲ್ಲ ಎಂದು ಸಮಾಧಾನವಾಯಿತು. ನಮ್ಮ ಕಡೆ ಅದನ್ನು ಹಿಟ್ಟು ಎಂದೇ ಕರೆಯುತ್ತೇವೆ. ಎದುರು ಸಿಕ್ಕವರನ್ನು ಹಿಟ್ಟು ಉಂಡಿರಾ ಎಂದು ಕೇಳುತ್ತೇವೆಯೇ ಹೊರತು ಊಟವಾಯಿತಾ ಎಂದು ಕೇಳುವುದು ಕಡಿಮೆ.

ಮನೆಯಲ್ಲಿ ಮುದ್ದೆ ಕಟ್ಟುವುದು ನನ್ನ ಅತ್ತೆ. ಎಪ್ಪತ್ತಾರು ವರ್ಷ. ನಾನು ಈ ಮನೆಗೆ ಬಂದು ಇಪ್ಪತ್ತೆಂಟು ವರ್ಷವಾದರೂ ಮುದ್ದೆ ಕೋಲನ್ನು ಅವರು ನನ್ನ ಕೈಗೆ ಮನಸಾರೆ ಕೊಟ್ಟದ್ದಿಲ್ಲ. ಡಾಕ್ಟರ ಮಾತು ಕೇಳಿ ಅವರಿಗೂ ಸಂತೋಷವಾಯಿತು.

"ಅನ್ನ ಬುಟ್ರೆ ಏನಾದದು? ಇಟ್ಟು ಐತಲ್ಲ. ಒಂದೇ ಉಣ್ಣು ಅಂದವ್ರೆ ತಾನೆ, ಆ ಒಂದ್ನ ಒಟ್ಟೆ ತುಂಬ ಉಣ್ಣು."

ಉಂಡೆ. ಹೊತ್ತಿಗೆ ಒಂದು. ಅನ್ನ ಬಿಟ್ಟ ಸೊಸೆ ಹಸಿದಾಳೆಂದು ಅತ್ತೆ ಆ ಒಂದನ್ನು ಮೊದಲಿಗಿಂತ ದಪ್ಪ ಕಟ್ಟುತ್ತಿದ್ದರು. ನನಗೂ ಕಾಣುತ್ತಿತ್ತು. ಆದರೆ ಡಾಕ್ಟರು ಹೇಳಿದ್ದು ಒಂದು, ತಟ್ಟೆಯಲ್ಲಿದ್ದದ್ದೂ ಒಂದು. ಮದುವೆ ಮನೆಯಲ್ಲಿ ಹೋಳಿಗೆ ಬೇಡವೆಂದೆ. ಕಾಫಿಗೆ ಸಕ್ಕರೆ ಬಿಟ್ಟೆ. ಮಾತ್ರೆ ಒಂದು ದಿನವೂ ತಪ್ಪಿಸಲಿಲ್ಲ.

ಆರು ವಾರದ ನಂತರ ಮತ್ತೆ ರಕ್ತ ಕೊಟ್ಟೆ. ಶುಗರ್ ಇಳಿದಿರಲಿಲ್ಲ.

"ಕದ್ದು ಏನಾದ್ರೂ ತಿಂತಿದೀರಾ?" ಎಂದು ಡಾಕ್ಟರು ಕೇಳಿದರು.

ಕದ್ದು! ನನ್ನ ಮನೆಯಲ್ಲಿ ನಾನು ಕದಿಯಬೇಕೇ? ಕಣ್ಣಲ್ಲಿ ನೀರು ಬಂತು, ಅದು ದುಃಖದ್ದಲ್ಲ. ಅವರು ಮಾತ್ರೆ ಜಾಸ್ತಿ ಮಾಡಿದರು. ಬೆರಳಿಗೆ ಇನ್ನೊಂದು ತಿಂಗಳು ನೋಡೋಣ, ಆಮೇಲೆ ಸರ್ಜನ್ ಹತ್ತಿರ ಹೋಗಿ ಎಂದರು.

ಆ ಭಾನುವಾರ ಪಾಂಡವಪುರದಿಂದ ನನ್ನ ತಂಗಿ ಮಂಜುಳ ಬಂದಳು. ಮೊಬೈಲಿನಲ್ಲಿ ಆರೋಗ್ಯದ ವಿಡಿಯೋ ನೋಡಿ ನೋಡಿ ಅರ್ಧ ಡಾಕ್ಟರಾಗಿದ್ದಾಳೆ.

"ಅಕ್ಕ, ಮುದ್ದೆನೂವೆ ಕಾರ್ಬೋಹೈಡ್ರೇಟೇ ಕಣಕ್ಕ. ಅದೆಲ್ಲ ಇಸ ಅಂತಾವ್ರೆ. ಅನ್ನ, ಇಟ್ಟು, ರೊಟ್ಟಿ, ಎಲ್ಲಾನೂ ಬುಟ್ಬುಡು. ಬೆರಳು ಉಳೀಬೇಕಾ ಬ್ಯಾಡ್ವಾ?"

ಬೆರಳು ಉಳಿಯಬೇಕಿತ್ತು. ಎಲ್ಲವನ್ನೂ ಬಿಟ್ಟೆ.

ಬೇಯಿಸಿದ ಮೊಟ್ಟೆ, ಸೊಪ್ಪು, ಸೌತೆಕಾಯಿ. ಎಲ್ಲರೂ ಸಾರಿನಲ್ಲಿ ಮುದ್ದೆ ಹೊರಳಿಸಿ ನುಂಗುವಾಗ ನಾನು ಸೌತೆಕಾಯಿ ಕಡಿಯುತ್ತಾ ಕೂರುತ್ತಿದ್ದೆ. ಅತ್ತೆ ನನ್ನ ಮುಖ ನೋಡುತ್ತಿರಲಿಲ್ಲ. ಒಂದು ದಿನ ಮಾತ್ರ, "ಮನೆ ತುಂಬ ರಾಗಿ ಮಡಿಕೊಂಡು ಉಪಾಸ ಬೀಳ್ತೀಯಲ್ಲವ್ವ" ಎಂದು ಎದ್ದು ಹೋದರು. ಮಾತ್ರೆಯನ್ನು ನಾನು ಬಿಡಲಿಲ್ಲ. ಡಾಕ್ಟರು ಜಾಸ್ತಿ ಮಾಡಿದಷ್ಟನ್ನೂ ನುಂಗುತ್ತಿದ್ದೆ.

ಹತ್ತನೇ ದಿನ ಬೆಳಿಗ್ಗೆ ಹಾಲು ಕರೆಯುತ್ತಿದ್ದಾಗ ಕೈ ನಡುಗಿತು. ಸೆರಗು ಒದ್ದೆಯಾಗುವಷ್ಟು ಬೆವರಿದೆ. ಗೌರಿಯ ಹೊಟ್ಟೆಗೆ ಹಣೆ ಆನಿಸಿದೆ, ಅದೊಂದು ನೆನಪಿದೆ. ಕರೆದ ಹಾಲು ಚೆಲ್ಲಿ ಅದರ ಮೇಲೇ ಬಿದ್ದಿದ್ದೆನಂತೆ. ಆ ದಿನ ಗೌರಿ ಕಾಲು ಎತ್ತಲಿಲ್ಲವಂತೆ. ಕರೆದರೆ ಹೂಂಗುಡುತ್ತಿದ್ದೆನಂತೆ, ಮಾತು ಮಾತ್ರ ಹೊರಡುತ್ತಿರಲಿಲ್ಲವಂತೆ. ಅತ್ತೆ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬೆಲ್ಲದ ನೀರು ಕುಡಿಸಿದರು. ವಿಡಿಯೋದವರ ಪ್ರಕಾರ ಅದೂ ವಿಷವೇ. ಆ ವಿಷದಿಂದಲೇ ನಾನು ಕಣ್ಣು ಬಿಟ್ಟೆ.

ಆಸ್ಪತ್ರೆಯಲ್ಲಿ ಲೋ ಶುಗರ್ ಎಂದರು. ಅಡ್ಮಿಟ್ ಮಾಡಿಕೊಂಡು ಗ್ಲೂಕೋಸ್ ಹಾಕಿದರು.

"ಊಟ ಬಿಟ್ಟು ಮಾತ್ರೆ ನುಂಗಿದೀರಲ್ಲ, ಯಾರನ್ನ ಕೇಳಿ?" ಎಂದು ಡಾಕ್ಟರು ರೇಗಿದರು.

ಅಷ್ಟು ದಿನ ತಡೆದಿಟ್ಟದ್ದೆಲ್ಲ ಬಾಯಿಗೆ ಬಂತು. "ಉಂಡ್ರೆ ಏರ್ತದೆ, ಬುಟ್ರೆ ಬೀಳ್ತೀನಿ. ನಾನೇನು ಕದ್ದಿಲ್ಲ ಸಾರ್. ನೀವೇಳಿದ್ದೂ ಮಾಡ್ದೆ, ಊರೋರು ಏಳಿದ್ದೂ ಮಾಡ್ದೆ. ಇನ್ನು ಇಟ್ಟುಣ್ಣದೆ ನಾನಿರಾಕಿಲ್ಲ. ಅದೆಂಗೆ ಉಣ್ಣಬೇಕು ಅಂತ ಏಳಿ, ಬುಡು ಅಂತ ಮಾತ್ರ ಏಳ್ಬೇಡಿ!"

ವಾರ್ಡಿನಲ್ಲಿ ಎಲ್ಲರೂ ತಿರುಗಿ ನೋಡಿದರು. ನೋಡಲಿ ಎಂದುಕೊಂಡೆ. ಡಾಕ್ಟರು ಊಟದ ಲೆಕ್ಕ ಹೇಳಿಕೊಡುವ ಡಯಟಿಷಿಯನ್ನನ್ನು ಕಳಿಸಿದರು. ಸಣ್ಣ ವಯಸ್ಸಿನ ಹುಡುಗಿ. ಅವಳು ನನ್ನನ್ನು ಬೈಯಲಿಲ್ಲ. "ನಾಳೆ ನಿಮ್ಮನೆ ಮುದ್ದೆ ಒಂದು ತರಿಸಿ" ಎಂದಳಷ್ಟೆ.

ಮಾರನೆಯ ದಿನ ಅತ್ತೆಯೇ ಬಸ್ಸಿನಲ್ಲಿ ಬಂದರು. ಮದುವೆಗೆ ಉಡುವ ಸೀರೆ ಉಟ್ಟಿದ್ದರು. ಸ್ಟೀಲ್ ಡಬ್ಬಿಯಲ್ಲಿ ಮುದ್ದೆ, ಇನ್ನೂ ಬಿಸಿಯಿತ್ತು. ಆಸ್ಪತ್ರೆಯವರು ತನ್ನ ಕೈಯ ಮುದ್ದೆ ನೋಡಬೇಕೆಂದು ಹೇಳಿ ಕಳಿಸಿದ್ದಾರೆಂದರೆ ಕಡಿಮೆಯೇ! ಹುಡುಗಿ ಅದನ್ನು ತೆಗೆದು ತೂಕದ ಮಷಿನ್ ಮೇಲಿಟ್ಟಳು.

ಆರುನೂರ ನಲವತ್ತು ಗ್ರಾಂ.

"ಅಜ್ಜಿ, ನಾವು ಒಂದು ಅನ್ನೋದು ಇನ್ನೂರು ಗ್ರಾಂಗೆ. ಇದು ಮೂರು ಮುದ್ದೆ."

"ಅದೆಂಗವ್ವ ಮೂರಾದದು? ಒಂದೇ ಕಟ್ಟಿವ್ನಲ್ಲ!" ಎಂದರು ಅತ್ತೆ.

ನಾನು ನಕ್ಕೆ. ಎಷ್ಟೋ ವಾರದ ಮೇಲೆ ಬಂದ ನಗು, ನಿಲ್ಲಲೇ ಇಲ್ಲ. ಆಮೇಲೆ ಅಳು ಬಂತು. ದಿನಕ್ಕೆರಡು ಸಲ ಡೈರಿಯಲ್ಲಿ ಹಾಲಿನ ಅಳತೆ, ಫ್ಯಾಟು ಎಲ್ಲಾ ನೋಡಿಸಿ, ಒಂದು ಪಾಯಿಂಟ್ ಕಡಿಮೆಯಾದರೆ ಜಗಳ ತೆಗೆಯುವವಳು ನಾನು. ನನ್ನ ತಟ್ಟೆಯಲ್ಲಿರುವುದನ್ನು ಮಾತ್ರ ಒಂದು ದಿನವೂ ಅಳೆಯಬೇಕೆನಿಸಲಿಲ್ಲ. ಡಾಕ್ಟರೂ ಎಷ್ಟು ದಪ್ಪ ಎಂದು ಕೇಳಲಿಲ್ಲ. ನನ್ನ ತಪ್ಪು ನನ್ನದು, ಆದರೆ ಆ 'ಕದ್ದು' ಎಂಬ ಮಾತನ್ನು ನಾನು ಇನ್ನೂ ಕ್ಷಮಿಸಿಲ್ಲ.

ಹುಡುಗಿ ಬಿಡಿಸಿ ಹೇಳಿದಳು. ಅಕ್ಕಿಯಾಗಲಿ ರಾಗಿಯಾಗಲಿ ಮೈಯೊಳಗೆ ಹೋಗಿ ಸಕ್ಕರೆಯೇ ಆಗುವುದು. ರಾಗಿಯಲ್ಲಿ ನಾರು ಹೆಚ್ಚು, ಹಾಗಂತ ಅದು ಲೆಕ್ಕಕ್ಕಿಲ್ಲದ್ದಲ್ಲ. ದುಡಿಯುವ ಮೈಗೆ ಕಾರ್ಬೋಹೈಡ್ರೇಟ್ ಬೇಕೇ ಬೇಕು, ಅದು ಶತ್ರುವಲ್ಲ. ಅಂಗೈ ತುಂಬುವಷ್ಟು ಮುದ್ದೆ, ಅದರ ಎರಡರಷ್ಟು ಸೊಪ್ಪು, ಕಾಳಿನ ಸಾರು. ಎಂದಾದರೂ ಅನ್ನ ಬೇಕೆನಿಸಿದರೆ ಮುದ್ದೆಯ ಬದಲು ಒಂದು ಸಣ್ಣ ಬಟ್ಟಲು. ಹೊತ್ತು ತಪ್ಪಿಸಬಾರದು. ಡಾಕ್ಟರು ಮಾತ್ರೆಯನ್ನೂ ಅದಕ್ಕೆ ಸರಿಯಾಗಿ ಬದಲಿಸಿದರು.

ಕಷ್ಟ ಶುರುವಾದದ್ದು ಮನೆಯಲ್ಲಿ. ನಮ್ಮ ಕಡೆ ಸಣ್ಣ ಮುದ್ದೆ ಇಡುವುದು ಮಕ್ಕಳಿಗೆ, ಇಲ್ಲವೇ ಮನೆಗೆ ಬೇಡವಾದವರಿಗೆ.

"ನಿಂಬೆಅಣ್ಣಿನಷ್ಟು ಇಟ್ಟು ಇಕ್ಕಿದ್ರೆ ಸೊಸೆನ ಅರೆಒಟ್ಟೇಲಿ ಮಡಗವ್ಳೆ ಅಂತ ಊರೋರು ಆಡ್ಕಳಾಕಿಲ್ವಾ? ನನ್ ಕೈ ಅಷ್ಟು ಸಣ್ಣದಲ್ಲ ಕಣವ್ವ" ಎಂದು ಅತ್ತೆ ಮತ್ತೆ ಹಳೆಯ ಗಾತ್ರವನ್ನೇ ಕಟ್ಟಿದರು. ನಾನು ಮೂರರಲ್ಲಿ ಒಂದು ಪಾಲು ಮುರಿದುಕೊಂಡು ಉಳಿದದ್ದನ್ನು ತಟ್ಟೆಯಲ್ಲೇ ಬಿಟ್ಟೆ. ಮುರಿದು ಬಿಡುವುದು ಅದಕ್ಕಿಂತ ದೊಡ್ಡ ಅವಮಾನ. ಎರಡು ದಿನ ನಮ್ಮಿಬ್ಬರಿಗೆ ಮಾತಿರಲಿಲ್ಲ. ನಾನು ಸೋಲಲಿಲ್ಲ. ಮೂರನೆಯ ದಿನ ನನ್ನ ತಟ್ಟೆಗೆ ಬಿದ್ದದ್ದು ಸಣ್ಣ ಮುದ್ದೆ.

ಎರಡು ತಿಂಗಳಲ್ಲಿ ಬೆರಳಿನ ಗಾಯ ಕೂಡಿತು. ಸರ್ಜನ್ ಮುಖ ನೋಡುವ ಅಗತ್ಯ ಬರಲಿಲ್ಲ. ಈಗ ಹೊಸ ಉಗುರು ಬರುತ್ತಿದೆ, ಸ್ವಲ್ಪ ಸೊಟ್ಟಗೆ. ಶುಗರ್ ಹೋಗಿಲ್ಲ, ಹೋಗುವುದೂ ಇಲ್ಲ. ಬೆಳಿಗ್ಗೆ ಎದ್ದರೆ ಮೊದಲು ಪಾದ ತಿರುಗಿಸಿ ನೋಡಿಕೊಳ್ಳುತ್ತೇನೆ, ಕೊಟ್ಟಿಗೆಗೆ ಬೂಟು ಹಾಕಿಕೊಂಡೇ ಹೋಗುತ್ತೇನೆ.

ಹೋದ ವಾರ ಮಂಜುಳ ತನ್ನ ಅತ್ತೆಯನ್ನೂ ಕರೆದುಕೊಂಡು ಬಂದಿದ್ದಳು. ಅವರಿಬ್ಬರ ತಟ್ಟೆಗೆ ದಪ್ಪ ಮುದ್ದೆ, ನನಗೆ ಸಣ್ಣದು. ಬೀಗಿತ್ತಿಯ ಕಣ್ಣು ನನ್ನ ತಟ್ಟೆಯ ಮೇಲೇ ನಿಂತಿತು.

"ಇನ್ನೂ ಇಟ್ಟು ಬುಟ್ಟಿಲ್ವೇನಕ್ಕ?" ಎಂದಳು ಮಂಜುಳ.

"ಬುಟ್ಟಿಲ್ಲ. ಸಾಯಗಂಟ ಬುಡಾಕಿಲ್ಲ. ಅಳ್ದು ಉಣ್ತೀನಿ."

ನನ್ನ ಅತ್ತೆ ನನ್ನ ಪಕ್ಕ ಕೂತು ತಮ್ಮ ತಟ್ಟೆಗೆ ಮುದ್ದೆ ಹಾಕಿಕೊಂಡರು. ಅದೂ ಅಷ್ಟೇ ಸಣ್ಣದು. ಅವರಿಗೆ ಶುಗರ್ ಇಲ್ಲ, ಇಂದಿಗೂ ಎರಡು ಜನದ ಊಟ ಅರಗಿಸಿಕೊಳ್ಳುವ ಹೊಟ್ಟೆ. ಬೀಗಿತ್ತಿಯ ಕಡೆ ನೋಡಿ, "ನಾವತ್ತೆ ಸೊಸೆ ಈಗ ಇಷ್ಟೇ ಕಣವ್ವ ಉಣ್ಣಾದು" ಎಂದರು.

ಸಂಜೆ ಕೊಟ್ಟಿಗೆಗೆ ಹೋದರೆ ಅತ್ತೆ ಹುಲ್ಲಿನ ಮೆದೆಯ ಮರೆಯಲ್ಲಿ ನಿಂತು ಗಬಗಬನೆ ಬಾಳೆಹಣ್ಣು ತಿನ್ನುತ್ತಿದ್ದರು. ಪಕ್ಕದಲ್ಲಿ ಆಗಲೇ ಎರಡು ಸಿಪ್ಪೆ ಬಿದ್ದಿದ್ದವು. ಕಾಣದವಳಂತೆ ಗೌರಿಯ ಪಕ್ಕ ಕುಕ್ಕುರುಗಾಲಲ್ಲಿ ಕೂತು, ಬಲಗಾಲನ್ನು ಸ್ವಲ್ಪ ಹಿಂದಕ್ಕೆಳೆದುಕೊಂಡು ಹಾಲು ಕರೆಯತೊಡಗಿದೆ.