ಪಾಠ ನೋಡಲು ಶಿರವಾಡಕ್ಕೆ

ಅಂಕೋಲೆಯಿಂದ ಬೆಳಿಗ್ಗೆ ಕಾರವಾರದ ಬಸ್ಸು ಹತ್ತಿದಾಗ ಹೊಟ್ಟೆಯಲ್ಲಿ ಬಿಸಿ ಬನ್ಸು ಭಾಜಿ ಇತ್ತು, ಕಿಟಕಿಯ ಸೀಟೂ ಸಿಕ್ಕಿತ್ತು. ಶಿಕ್ಷಕರ ತರಬೇತಿ ಸಂಸ್ಥೆಯೊಂದರ ವಿದ್ಯಾರ್ಥಿಗಳ ಪಾಠ ನೋಡಿ ಅಂಕ ಹಾಕಲು ಹೊರಟಿದ್ದೆ. ಮೂವತ್ತು ಚಿಲ್ಲರೆ ಕಿಲೋಮೀಟರಿನ ದಾರಿ. ಅರ್ಗಾದಲ್ಲಿ ನೌಕಾನೆಲೆಯ ಗೋಡೆ ಮುಗಿಯುವುದೇ ಇಲ್ಲ. ಸಮುದ್ರ ಅದರಾಚೆ ಇದೆಯೆಂದು ನಂಬಿ ಕೂತೆ. ಕಾರವಾರದಲ್ಲಿ ಇನ್ನೊಬ್ಬ ಪರೀಕ್ಷಕರು ಜೊತೆಯಾದರು. ಆಟೋದಲ್ಲಿ ಶಿರವಾಡದ ಶಾಲೆ ಮುಟ್ಟುವಾಗಲೇ ಸೆಕೆ ಏರಿತ್ತು.

ಮೊದಲ ಪಾಠ ಹಬ್ಬುವಾಡದ ಶುಭಾ ಎಂಬ ವಿದ್ಯಾರ್ಥಿನಿಯದು. ಇಲ್ಲಿಯ ಅಂಕದ ಮೇಲೆ ಅವಳ ನೌಕರಿಯ ಆಸೆ ನಿಂತಿತ್ತು. ನೀರು ಆವಿಯಾಗುವ ಪಾಠ. ಪ್ರಶ್ನೆ ಮುಗಿಯುವ ಮೊದಲೇ ಮಕ್ಕಳ ಕೈ ಮೇಲೆ. ಹಿಂದಿನ ದಿನ ಅದೇ ಮಕ್ಕಳಿಗೆ ಅದೇ ಪಾಠ ಹೇಳಿ ಹದ ಮಾಡಿಡುವುದು ನಮ್ಮಲ್ಲಿ ಪದ್ಧತಿ. ಗೊತ್ತಿಲ್ಲದಂತೆ ಕೂರುವುದು ಪರೀಕ್ಷಕರ ಪದ್ಧತಿ. ಅಂದು ನನಗೆ ಕೂರಲಾಗಲಿಲ್ಲ.

"ಇದನ್ನೇ ಪಕ್ಕದ ಕೋಣೆಯ ಮಕ್ಕಳಿಗೆ ಹೇಳಮ್ಮ," ಎಂದೆ.

ಅಲ್ಲಿ ಅವಳು ಪುಸ್ತಕದ ಮಾತಿನಿಂದಲೇ ಶುರುಮಾಡಿದಳು. 'ಬಾಷ್ಪೀಕರಣ' ಎಂದು ಬೋರ್ಡಿನ ಮೇಲೆ ಬರೆದಳು. ಮಕ್ಕಳು ಪಿಳಿಪಿಳಿ ನೋಡಿದರು. ಕೊನೆಗೆ ಒಬ್ಬ ಹುಡುಗಿ ಕೊಂಕಣಿಯಲ್ಲಿ ಏನೋ ಕೇಳಿದಳು. ಮನೆಯಲ್ಲಿ ಕೊಂಕಣಿಯನ್ನೇ ಆಡುವ ಶುಭಾ ಅರಿವಿಲ್ಲದೆ ಕೊಂಕಣಿಯಲ್ಲೇ ಉತ್ತರ ಕೊಟ್ಟಳು. ನನಗೂ ಅಷ್ಟಿಷ್ಟು ತಿಳಿಯುತ್ತದೆ: ಅಂಗಳದಲ್ಲಿ ಒಣಗಿಸಿದ ಮೀನಿನ ನೀರು ಎಲ್ಲಿ ಹೋಯಿತು ಎಂದು ಶುಭಾ ತಿರುಗಿ ಕೇಳುತ್ತಿದ್ದಳು. ನೆಲ ಕುಡಿಯಿತು ಎಂದನೊಬ್ಬ. ಹಾಗಾದರೆ ಹಗ್ಗದ ಮೇಲಿನ ಬಟ್ಟೆಯ ನೀರನ್ನು ಯಾವ ನೆಲ ಕುಡಿಯಿತು ಎಂದು ಆ ಹುಡುಗಿ ಜಗಳಕ್ಕೇ ಬಿದ್ದಳು. ಇಡೀ ತರಗತಿ ಅವರ ಜೊತೆ ಸೇರಿತು. ಶುಭಾಳ ಮುಖ ಅರಳಿತ್ತು. ಅಷ್ಟರಲ್ಲಿ ಜೊತೆಯ ಪರೀಕ್ಷಕರು ಕೆಮ್ಮಿದರು. ಅವಳು ನಾಲಿಗೆ ಕಚ್ಚಿಕೊಂಡಳು. ಮಂಜೂರಾದ ಪಾಠಯೋಜನೆ ಹಿಡಿದು, ಕನ್ನಡದ ವ್ಯಾಖ್ಯೆಯನ್ನು ಮಕ್ಕಳಿಂದ ಹೇಳಿಸಿ ಮುಗಿಸಿದಳು.

"ಯೋಜನೆ ಬಿಟ್ಟು ಹೋದಳು, ಭಾಷೆಯೂ ಜಾರಿತು. ಎಂಥ ಅಂಕ ಹಾಕೂದು ಮಾರಾಯ್ರೆ?" ಎಂದರು ಅವರು. ನಾನು ವಾದಿಸಿದೆ. ನಾನು ಹೆಚ್ಚು ಹಾಕಿದೆ, ಅವರು ಕಡಿಮೆ ಹಾಕಿದರು. ಸರಾಸರಿಯಲ್ಲಿ ಹುಡುಗಿ ಸಾಧಾರಣಳಾದಳು. ಮಕ್ಕಳನ್ನು ಮನೆಮಾತಿನಿಂದ ಶಾಲೆಯ ಮಾತಿಗೆ ದಾಟಿಸುವುದನ್ನು ನಮ್ಮ ತರಬೇತಿಯಲ್ಲಿ ಯಾರೂ ಕಲಿಸುವುದಿಲ್ಲ. ಕೆಲವು ಪಾಠ ಒಪ್ಪಿಸಿ ಹೋಗುವ ಬದಲು ಈ ತರಬೇತಿ ವಿದ್ಯಾರ್ಥಿಗಳನ್ನು ಅರ್ಧ ವರ್ಷ ಒಂದೇ ತರಗತಿಯ ಜೊತೆ ಬಿಟ್ಟರೆ ಅವರೇ ಕಲಿತಾರು. ಸಭೆಗಳಲ್ಲಿ ಇದನ್ನು ಹೇಳಿ ಹೇಳಿ ನನಗೂ ಸಾಕಾಗಿದೆ.

ಸಂಜೆ ಕಾರವಾರದ ನಿಲ್ದಾಣದಲ್ಲಿ ಅಂಕೋಲೆಯ ಬಸ್ಸಿಗೆ ಕಾಯುತ್ತಿದ್ದಾಗ ಶುಭಾ ಹುಡುಕಿಕೊಂಡು ಬಂದಳು.

"ಸರ್, ನಡುವೆ ಕೊಂಕಣಿ ಬಂದ್ಹೋಯ್ತು. ತಪ್ಪಾಯ್ತು."

"ಇವತ್ತು ನೀನು ಪಾಠ ಅಂತ ಮಾಡಿದ್ದು ಅದೊಂದೇ ಮಾರಾಯ್ತಿ," ಎಂದೆ.

ಸಮಾಧಾನಕ್ಕೆ ಹೇಳಿದೆನೆಂದು ಬಗೆದಿರಬೇಕು. ಕಣ್ಣು ತುಂಬಿಕೊಂಡು ನಕ್ಕಳು. "ನೀವು ದೊಡ್ಡ ಮನಸ್ಸಿನವ್ರು ಸರ್. ಇನ್ನು ಯಾವತ್ತೂ ಹಂಗೆ ಮಾಡೂದಿಲ್ಲ."

ಬಸ್ಸು ಬಂತು, ಹತ್ತಿದೆ. ಇನ್ನೂ ಏನಾದರೂ ಹೇಳಬೇಕಿತ್ತೆಂದು ಕಿಟಕಿಯಿಂದ ಹಿಂದೆ ನೋಡಿದೆ. ಅವಳು ಕೈಮುಗಿದು ನಿಂತಿದ್ದಳು. ಕೊಟ್ಟ ಮಾತಿಗೆ ತಪ್ಪುವ ಹುಡುಗಿಯಂತೆ ಕಾಣಲಿಲ್ಲ.