ದೋಣಿಯ ಮುಂದಿನ ಹಲಗೆ

ಮದುವೆಯಾಗಿ ಬಂದಂದಿನಿಂದ ಉಲಿತಾ ಗಂಡ ಸವೇಲಿಯ ದೋಣಿಯಲ್ಲಿ ಕೂತದ್ದು ಒಂದೇ ಜಾಗದಲ್ಲಿ, ತೀರ ಮುಂದಿನ ಹಲಗೆಯ ಮೇಲೆ. ನಮ್ಮೂರಿಂದ ತುಲ್ಚಾ ಪೇಟೆಗೆ ಡ್ಯಾನ್ಯೂಬ್ ನದಿಯ ಕಾಲುವೆಯೇ ದಾರಿ. ಸವೇಲಿ ಹಿಂದೆ ಕೂತು ಮೋಟಾರಿನ ವೇಗ ಏರಿಸಿದರೆ ದೋಣಿ ಮೂತಿ ಎತ್ತಿ ನೀರಿಗೆ ಕುಕ್ಕುತ್ತದೆ, ಮತ್ತೆ ಎತ್ತುತ್ತದೆ, ಮತ್ತೆ ಕುಕ್ಕುತ್ತದೆ. ಆ ಕುಣಿತ ಅಡಗಲು ಮುಂದೆ ಭಾರ ಬೇಕು. “ಮುಂದಕ್ಕೆ ಹೋಗೇ, ಇನ್ನೂ ಮುಂದಕ್ಕೆ,” ಎನ್ನುತ್ತಿದ್ದ. ಬಸುರಿಯಾಗಿದ್ದಾಗಲೂ. ಆಗ ದೋಣಿ ಇನ್ನೂ ಚೆನ್ನಾಗಿ ಓಡುತ್ತಿತ್ತಂತೆ.

ಬಲೆ ಎಳೆಯುವುದು, ಮೀನು ಬಗೆಯುವುದು ಅವಳದೇ. ಮನೆಗೆ ಬಂದರೆ ಚಹಾ ಕಾಯಿಸುವ ಸಮೊವಾರ್, ಹಸು, ಸ್ನಾನದ ಗುಡಿಸಲಿಗೆ ಕಟ್ಟಿಗೆ. ಈ ವಸಂತದಲ್ಲಿ ಸೊಂಟ ಹಿಡಿದುಕೊಂಡಿತು. ಡಾಕ್ಟರು ದೋಣಿ ಹತ್ತಬೇಡ ಎಂದರು. ಹಸು ಕರೆಯಬೇಡ ಎಂದು ಯಾರೂ ಹೇಳಲಿಲ್ಲ.

ಸವೇಲಿ ಒಬ್ಬನೇ ಹೋಗತೊಡಗಿದ. ಒಂದು ಮಧ್ಯಾಹ್ನ ನಾವು ಹೆಂಗಸರು ಕಟ್ಟೆಯ ಬಳಿ ಜಮಖಾನೆ ತೊಳೆಯುತ್ತಿದ್ದಾಗ ಊರ ಮುಂದಿನ ಸರೋವರದಾಚೆ ಅವನ ದೋಣಿ ಕಂಡಿತು. ಬಟ್ಟೆಯ ಮೇಲೆ ಇಸ್ತ್ರಿ ಜಾರಿದಂತೆ ಬರುತ್ತಿತ್ತು, ಮುಂದೆ ಯಾರೋ ಕೂತ ಹಾಗೆ, ಒಂದೂ ಕುಣಿತವಿಲ್ಲ. ಜೊಂಡಿನ ಹಿಂದೆ ಮರೆಯಾಗಿ ಈಚೆ ಬಂದಾಗ ಅದರಲ್ಲಿ ಅವನೊಬ್ಬನೇ.

ಊರಿನ ಇನ್ನೊಬ್ಬ ಮೀನುಗಾರ ತೆರೆಂತಿಯ ಹೆಂಡತಿ ಮಾರ್ಫಾ ಸೂರ್ಯಕಾಂತಿ ಬೀಜದ ಸಿಪ್ಪೆ ಉಗಿದಳು. “ಏನೇ ಉಲಿತಾ, ನಿನ್ನ ಜಾಗಕ್ಕೆ ಯಾರನ್ನೋ ಇಟ್ಕೊಂಡವ್ನೆ. ಜೊಂಡಿನ ಹಿಂದೆ ಇಳಿಸಿ ಬಂದ ನೋಡು!”

ಎಲ್ಲರೂ ನಕ್ಕರು. ಉಲಿತಾ ಅಂದಿನಿಂದ ಅವನ ಅಂಗಿಗಳನ್ನು ಮೂಸಿ ಮೂಸಿ ಒಗೆದಳು. “ನಾಳೆ ನಾನೂ ಬರ್ತೀನಿ,” ಎಂದರೆ, “ಬೇಡ ಕಣೇ, ಸೊಂಟ ನೋಡ್ಕೋ,” ಎಂದನಂತೆ. ಇಷ್ಟು ವರ್ಷದಲ್ಲಿ ಅವನ ಬಾಯಲ್ಲಿ ಬರದ ಮಾತು. ಅನುಮಾನ ಗಟ್ಟಿಯಾಯಿತು.

ದೋಣಿ ತೊಳೆಯುವ ನೆಪದಲ್ಲಿ ಮುಂದಿನ ಹಲಗೆಯಲ್ಲಿ ಕೂದಲು ಹುಡುಕಿದಳು. ಸಿಗದೆ ನನ್ನನ್ನು ಕರೆದಳು. ಗಂಡ ತೀರಿಕೊಂಡಂದಿನಿಂದ ನಾನೂ ಒಂದು ದೋಣಿ ಓಡಿಸುವವಳು. ಹಲಗೆಯ ಮೇಲೆ ಪಾಚಿ ಒಣಗಿ ಚಕ್ಕೆಗಟ್ಟಿತ್ತು. ಆಮೇಲೆ ಹಿಂದೆ ಹೋಗಿ ಮೋಟಾರು ನೋಡಿದೆ.

“ಮುಂದೆ ಯಾರೂ ಕೂತಿಲ್ಲ ಕಣೇ, ಪಾಚಿ ಹಂಗೇ ಇದೆ. ಈ ತೂತುಗಳ ಸಾಲು ನೋಡು. ಮೋಟಾರು ಎಷ್ಟು ಓರೆ ನಿಲ್ಬೇಕು ಅಂತ ತಡೆಯೋ ಕೀಲು ಇದು, ಮೊದ್ಲು ಹೊರಗಿನ ತೂತಲ್ಲಿ ಇತ್ತು, ತುಕ್ಕಿನ ಗುರುತಿದೆ. ಈಗ ಒಳಗಿನದಕ್ಕೆ ಬಂದಿದೆ.”

“ಅಂದ್ರೆ?”

“ನೀರಲ್ಲಿ ಇಳಿಯೋ ಮೋಟಾರಿನ ಕಾಲು ದೋಣಿ ಹತ್ರಕ್ಕೆ ಬಂತು, ಮೂತಿ ತಾನಾಗೇ ತಗ್ಗುತ್ತೆ. ನಾನೂ ಹಂಗೇ ಇಟ್ಟಿರೋದು. ಮುಂದೆ ಕೂರ್ಸೋಕೆ ನಂಗೆ ಹೆಂಡ್ತಿ ಎಲ್ಲಿಂದ ಬರ್ಬೇಕು?”

ಅವಳು ನಗಲಿಲ್ಲ. “ಕಷ್ಟದ ಕೆಲಸವಾ?”

“ಮೋಟಾರು ಎತ್ತಿ ಹಿಡಿದು ಕೀಲು ಕಿತ್ತು ಹಾಕೋದು, ಅಷ್ಟೇ. ವೇಗ ಒಂಚೂರು ಕಮ್ಮಿ ಆಗುತ್ತೆ.”

ನಾನು ಪಕ್ಕದ ಮನೆಯವಳು; ಸಂಜೆ ಬೇಲಿಯಾಚೆಯಿಂದ ಗಂಡ ಹೆಂಡಿರ ಮಾತು ಕೇಳಿಸಿತು.

“ಇನ್ನೊಬ್ಳು ಇದ್ದಿದ್ರೆ ಜಗಳ ಆಡಿ ಮುಗಿಸ್ತಿದ್ದೆ ಸವೇಲಿ. ಇಷ್ಟು ವರ್ಷ ಒಳಗೆ ಹಾಕೋಕೆ ಆಗ್ದೇ ಇದ್ದದ್ದು ಒಂದು ಕೀಲು!”

“ಒಳಗೆ ಹಾಕಿದ್ರೆ ತೆರೆಂತಿ ನನ್ನ ದಾಟಿ ಹೋಗ್ತಾನೆ ಕಣೇ.”

“ಹೋಗ್ಲಿ.”

“ಊರು ನಗುತ್ತೆ.”

“ನನ್ನ ಸೊಂಟ ಹೋದಾಗ ಊರು ಅತ್ತಿತ್ತಾ?”



ಸೊಂಟ ಸುಧಾರಿಸಿದ ಮೇಲೆ ಸಂತೆಗೆ ಹೊರಟರು. ನನ್ನ ಮೋಟಾರು ರಿಪೇರಿಗೆ ಹೋಗಿತ್ತು, ನಾನೂ ಹತ್ತಿದೆ. “ಬಾ, ನಿನ್ನ ಜಾಗದಲ್ಲಿ ಕೂತ್ಕೋ,” ಎಂದ ಸವೇಲಿ, ತುಂಬ ನಯವಾಗಿ. ಉಲಿತಾ ಮುಂದೆ ಹೋಗಲಿಲ್ಲ. ಹಿಂದಕ್ಕೆ ಬಂದು ಬಗ್ಗಿ ನೋಡಿದಳು. ಕೀಲು ಮತ್ತೆ ಹೊರಗಿನ ತೂತಿನಲ್ಲಿತ್ತು.

“ಎತ್ತಿ ಹಿಡಿ,” ಎಂದಳು. ಅವನು ನನ್ನ ಮುಖ ನೋಡಿ ಮೋಟಾರು ಎತ್ತಿ ಹಿಡಿದ. ಅವಳೇ ಕೀಲು ಕಿತ್ತು ಒಳಗೆ ಹಾಕಿ, ನಡುವಿನ ಹಲಗೆಯಲ್ಲಿ ಅವನಿಗೆ ಎದುರಾಗಿ, ಕೀಲು ಕಾಣುವ ಹಾಗೆ ಕೂತಳು.

ದೋಣಿ ಸಮನಾಗಿ ಓಡಿತು. ಕಾಲುವೆಯ ತಿರುವಿನಲ್ಲಿ ತೆರೆಂತಿ ಹಿಂದಿನಿಂದ ಬಂದು ಕೈ ಬೀಸಿ ದಾಟಿದ. ಸವೇಲಿಯ ಕತ್ತು ಕೆಂಪಾಯಿತು. ತೆರೆಂತಿಯ ದೋಣಿಯ ಮುಂದಿನ ಹಲಗೆಯಲ್ಲಿ ಮಾರ್ಫಾ ಎರಡೂ ಬದಿ ಬಿಗಿಯಾಗಿ ಹಿಡಿದು, ಕಣ್ಣು ಮುಚ್ಚಿ ಕೂತಿದ್ದಳು.

ಉಲಿತಾ ಎದ್ದು ನಿಂತು ಕೂಗಿದಳು: “ಮಾರ್ಫಾ! ಸಂಜೆ ಮನೆಗೆ ಬಾರೇ, ಒಂದ್ ವಿಷ್ಯ ಇದೆ!”

“ಏನ್ ವಿಷ್ಯ?” ಎಂದ ಸವೇಲಿ.

“ಹೆಂಗಸರದು. ನೀನು ಮುಂದೆ ನೋಡ್ಕೊಂಡು ಓಡ್ಸು.”