ಎದುರು ಮನೆಯವರು ಇಡಿಸಿದ ಹೆಸರು

ರಾತ್ರಿ ಪಾಳಿ ಮುಗಿಸಿ ಬಂದವರೇ ಅವರು ಮೆಟ್ಟಿಲ ಮೇಲೆ ಕೂತು ಶೂ ಕಳಚುತ್ತಿದ್ದರು. ಊದಿದ ಕಾಲಿನ ಮೇಲೆ ಕಾಲುಚೀಲದ ಗೆರೆ ಆಳವಾಗಿ ಕೂತಿರುತ್ತಿತ್ತು. ಕತಾರಿನ ಅಲ್ ವಕ್ರಾದ ನಮ್ಮ ಕಟ್ಟಡದಲ್ಲಿ ಅವರದು ಎದುರು ಮನೆ. ನೈಜೀರಿಯಾದ ಇಗ್ಬೊ ಜನಾಂಗದ ಹೆಂಗಸು, ಕೆಲಸ ನರ್ಸ್. ಬೀಗ ತೆಗೆದು ಒಳಗೆ ಹೋಗಲೂ ಅವರಿಗೆ ಸುಸ್ತು. ಬಾಣಂತಿಯಾದ ನನಗೆ ಬಾಗಿಲಿಗೆ ಬರಲೂ ಸುಸ್ತು. ಆದರೂ ದಿನಾ ನಾಲ್ಕು ಮಾತಾಡುತ್ತಿದ್ದೆವು.

ಮಗಳು ಹುಟ್ಟಿ ತಿಂಗಳು ಕಳೆದರೂ ನಾನು ಹೆಸರಿಟ್ಟಿರಲಿಲ್ಲ. ಮೊದಲ ಮಗುವಿಗೆ ಸಂಭ್ರಮದಿಂದ ಇಟ್ಟಿದ್ದೆವು. ಕರೆದರೆ ಓಗೊಡುವಷ್ಟು ಬೆಳೆಯುವ ಮೊದಲೇ ಅದು ಹೋಗಿಬಿಟ್ಟಿತು. ಇನ್ನೊಂದು ಹೆಸರನ್ನು ಬಾಯಿಗೆ ತರಲು ನನಗೆ ಹೆದರಿಕೆ. ಉಡುಪಿಯಿಂದ ಅತ್ತೆಯ ಫೋನು ಮಾತ್ರ ತಪ್ಪುತ್ತಿರಲಿಲ್ಲ: “ಎಂಥ ಮಾರಾಯ್ತಿ, ಹೆಸರಿಲ್ಲದೆ ಮಗುವನ್ನು ಎಷ್ಟು ದಿನ ಇಡುವುದು?”

ಒಂದು ಬೆಳಿಗ್ಗೆ ಮೆಟ್ಟಿಲ ಮೇಲೆಯೇ ಅತ್ತುಬಿಟ್ಟೆ. ಎದುರು ಮನೆಯವರು ಸಮಾಧಾನ ಹೇಳಲಿಲ್ಲ, ಅವರಿಗೆ ಅದು ಬರುತ್ತಲೂ ಇರಲಿಲ್ಲ. ತಮ್ಮ ಮನೆಯ ಹೆಸರುಗಳ ಕತೆ ಹೇಳಿದರು. ಅವರಿಗಿಂತ ಮೊದಲು ಹುಟ್ಟಿದ ಮಕ್ಕಳು ಉಳಿಯಲಿಲ್ಲವಂತೆ. ಹಾಗಾಗಿ ಅಜ್ಜ ಅವರಿಗಿಟ್ಟ ಹೆಸರಿನ ಅರ್ಥ, ಇನ್ನು ಹೀಗಾಗದಿರಲಿ. ತಮ್ಮನ ಹೆಸರು ಇನ್ನೂ ನೇರ. ಅವರ ಇಂಗ್ಲಿಷನ್ನು ನಾನು ನನ್ನ ಭಾಷೆಗೆ ತಂದುಕೊಂಡದ್ದು ಹೀಗೆ: ‘ಸಾವೇ, ದಮ್ಮಯ್ಯ.’ ಅಷ್ಟೇ ಹೆಸರು. ಹಾಜರಿ ಕರೆಯುವ ಮೇಷ್ಟ್ರು, ಊಟಕ್ಕೆ ಕೂಗುವ ತಾಯಿ, ಆಟಕ್ಕೆ ಕರೆಯುವ ಹುಡುಗರು, ಎಲ್ಲರೂ ಅವನಿಗಾಗಿ ಬೇಡಿಕೊಂಡ ಹಾಗೇ ಆಯಿತಲ್ಲ.

“ನಮ್ಮಲ್ಲಿ ಹೆಸರು ಚಂದಕ್ಕಲ್ಲ,” ಅಂದರು. “ಮನೆಯಲ್ಲಿ ಏನಾಯಿತು, ಮನಸ್ಸಿಗೆ ಏನು ಬೇಕು, ಅದನ್ನೇ ಇಡುವುದು. ನಿನಗೇನು ಬೇಕು?”

“ನೆಮ್ಮದಿ,” ಅಂದೆ, ಕನ್ನಡದಲ್ಲೇ. ಅರ್ಥ ಕೇಳಿದರು, ಹೇಳಿದೆ.

“ಖಲಾಸ್, ಮುಗಿಯಿತು! ಹೆಸರು ಸಿಕ್ಕಿತಲ್ಲ.”

ಅತ್ತೆಗೆ ಸಿಟ್ಟು ಬಂತು. ಗಂಡ ತೊಟ್ಟಿಲು ತಂದರು. ಕಿವಿಯಲ್ಲಿ ಹೆಸರು ಹೇಳಲು ಸೋದರತ್ತೆ ಇಲ್ಲಿರಲಿಲ್ಲ. ಇಲ್ಲಿ ರಜೆಯ ದಿನವಾದ ಶುಕ್ರವಾರ ಅಬು ಹಮೂರ್‌ನ ಚರ್ಚಿನಿಂದ ನೇರ ಬಂದ ಎದುರು ಮನೆಯವರೇ ಬಗ್ಗಿ ಮೂರು ಸಲ ಹೇಳಿದರು. ನನಗೆ ಮಾತ್ರ ಹಾಗೆ ಕರೆಯಲು ಬಾಯಿ ಬರಲಿಲ್ಲ. ಎಷ್ಟೋ ದಿನ ‘ಪಾಪು’ ಎಂದೇ ಕಳೆದೆ.

ಅದು ಅವರಿಗೆ ಗೊತ್ತಿತ್ತು. ಸಿಕ್ಕಾಗಲೆಲ್ಲ ಒಂದೇ ಪ್ರಶ್ನೆ: “ಕರೆದೆಯಾ? ತಿರುಗಿ ನೋಡಿದಳಾ?” ಆಮೇಲೆ ಅವರ ಕಿಡ್ನಿ ಕೈಕೊಟ್ಟಿತು, ಕೆಲಸ ಬಿಟ್ಟು ಊರಿಗೆ ಹೋದರು. ಅಲ್ಲಿಂದ ಬರುವ ಮೆಸೇಜಿನಲ್ಲೂ ಅದೇ ಪ್ರಶ್ನೆ. ಅವರ ಕಾಟಕ್ಕೇ ನಾನು ಕರೆಯುವುದನ್ನು ಕಲಿತದ್ದು.

ಒಂದು ಸಂಜೆ ಅಡುಗೆಮನೆಯಿಂದ ಹೆಸರು ಕೂಗಿದರೆ ಮಗಳು “ಓ” ಅಂದಳು. ಮತ್ತೆ ಕೂಗಿ, ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸಿದೆ. ಕೆಲವು ದಿನ ಉತ್ತರ ಬರಲಿಲ್ಲ. ಕೊನೆಗೆ ಅವರ ತಮ್ಮ ಬರೆದ: “ಅಕ್ಕ ನಿನ್ನೆ ತೀರಿಕೊಂಡಳು. ಮಗುವಿನ ದನಿ ಕೇಳಿಸಿಕೊಂಡಳು. ಮತ್ತೆ ಮತ್ತೆ ಹಾಕಿಸಿಕೊಂಡಳು.”

ಫೋನು ಕೆಳಗಿಟ್ಟು ಮಗಳನ್ನು ಹೆಸರು ಹಿಡಿದು ಕರೆದೆ. ಹೆದರಿಕೆಯಾಗಲಿಲ್ಲ.